ಯೂಟಾ ಟೆರಿಟರಿಯ ಪ್ರೊಬೇಟ್ ಕೋರ್ಟು ಮತ್ತು ಅದರ ಕಡತಗಳು

(ಇತಿಹಾಸದ ಮೇಷ್ಟ್ರೊಬ್ಬರು ಮತ್ತು ನಿವೃತ್ತ ಶಿರಸ್ತೇದಾರರೊಬ್ಬರ ನಡುವಿನ ಮಾತು)

ಮೇಷ್ಟ್ರು: ಅಮೆರಿಕದ ಪಶ್ಚಿಮಕ್ಕೆ ಜನ ವಲಸೆ ಹೋಗಿ ನೆಲೆನಿಂತ ಕಾಲದಲ್ಲಿ ಕೌಂಟಿಗೊಂದು ಪ್ರೊಬೇಟ್ ಕೋರ್ಟು ಇರುತ್ತಿತ್ತು. ಸತ್ತವರ ಉಯಿಲನ್ನು ಊರ್ಜಿತಗೊಳಿಸುವುದು, ಉಯಿಲು ಇಲ್ಲದಿದ್ದರೆ ಆಸ್ತಿಗೊಬ್ಬ ಆಡಳಿತಗಾರನನ್ನು ನೇಮಿಸುವುದು, ಸಾಲ ತೀರಿಸಿ ಉಳಿದದ್ದನ್ನು ವಾರಸುದಾರರಿಗೆ ಹಂಚುವುದು, ತಬ್ಬಲಿ ಮಕ್ಕಳಿಗೆ ಪೋಷಕರನ್ನು ಗೊತ್ತುಮಾಡುವುದು, ಇಷ್ಟು ಅದರ ಕೆಲಸ. ಬಹುತೇಕ ಕಡೆ ಅದು ಇಷ್ಟಕ್ಕೇ ನಿಂತಿತು. ಇನ್ನೂ ರಾಜ್ಯವಾಗಿರದೆ ಕೇಂದ್ರದ ಆಡಳಿತದಲ್ಲಿದ್ದ ಯೂಟಾ ಟೆರಿಟರಿಯಲ್ಲಿ ಮಾತ್ರ 1852ರಿಂದ 1874ರವರೆಗೆ ಅದೇ ಕೋರ್ಟು ಕಳವು, ಕೊಲೆ, ಸಾಲದ ದಾವೆ, ವಿಚ್ಛೇದನ ಎಲ್ಲವನ್ನೂ ವಿಚಾರಿಸಿತು. ಹಾಗಾಗಿ ಅಲ್ಲಿನ ಕಡತಗಳಲ್ಲಿ ಸತ್ತವರಿಗಿಂತ ಬದುಕಿದ್ದವರ ಸುದ್ದಿಯೇ ಹೆಚ್ಚು.

ಶಿರಸ್ತೇದಾರರು: ನಮ್ಮ ಕಡೆ ಅಪ್ಪ ತೀರಿಕೊಂಡರೆ ಮಕ್ಕಳು ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಹೋಗಿ ಪೌತಿ ಖಾತೆ ಮಾಡಿಸಿಕೊಳ್ಳುತ್ತಾರೆ. ತಕರಾರು ಬಂದರೆ ಮಾತ್ರ ಕೋರ್ಟು. ಅಲ್ಲಿ ಮೊದಲಿಗೇ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತೇ?

ಮೇಷ್ಟ್ರು: ಹತ್ತಬೇಕಿತ್ತು. ಪೌತಿ ಖಾತೆಯಲ್ಲಿ ಜಮೀನಿನ ದಾಖಲೆಯಲ್ಲಿರುವ ಹೆಸರು ಬದಲಾಗುತ್ತದೆ, ಅಷ್ಟೆ. ಪ್ರೊಬೇಟ್ ಕೋರ್ಟು ಸತ್ತವನ ಇಡೀ ಲೆಕ್ಕವನ್ನೇ ಚುಕ್ತಾ ಮಾಡುತ್ತಿತ್ತು. ಮೊದಲು ಹೆಂಡತಿಯೋ ಮಗನೋ ಸಾಲ ಕೊಟ್ಟವನೋ ಒಂದು ಅರ್ಜಿ ಹಾಕುತ್ತಾನೆ. ಸತ್ತ ದಿನ, ವಾಸವಿದ್ದ ಜಾಗ, ವಾರಸುದಾರರ ಹೆಸರು ಮತ್ತು ವಯಸ್ಸು ಅದರಲ್ಲಿರುತ್ತವೆ. ನ್ಯಾಯಾಧೀಶ ಒಬ್ಬ ಆಡಳಿತಗಾರನನ್ನು ನೇಮಿಸಿ ಅವನಿಂದ ಜಾಮೀನುದಾರರ ಸಮೇತ ಮುಚ್ಚಳಿಕೆ ಬರೆಸಿಕೊಳ್ಳುತ್ತಾನೆ. ಮುಚ್ಚಳಿಕೆಯ ಮೊತ್ತ ಸಾಮಾನ್ಯವಾಗಿ ಆಸ್ತಿಯ ಬೆಲೆಯ ಎರಡರಷ್ಟು. ಆಮೇಲೆ ಹಿತಾಸಕ್ತಿ ಇಲ್ಲದ ನೆರೆಹೊರೆಯವರು ಪಂಚರಾಗಿ ಬಂದು ಮನೆ, ಕೊಟ್ಟಿಗೆ, ಪೆಟ್ಟಿಗೆ ಎಲ್ಲ ನೋಡಿ, ಒಂದೊಂದು ವಸ್ತುವಿಗೂ ಬೆಲೆ ಕಟ್ಟಿ ಪಟ್ಟಿ ಬರೆಯುತ್ತಾರೆ. ಬಾಕಿ ಇರುವವರು ಬಂದು ಹೇಳಿಕೊಳ್ಳಲಿ ಎಂದು ಪ್ರಕಟಣೆ ಹೊರಡುತ್ತದೆ. ವಿಧವೆಯ ಜೀವನಾಂಶಕ್ಕೆ ಒಂದು ಪಾಲು ತೆಗೆದಿಟ್ಟು, ಬೇಕಾದರೆ ಸಾಮಾನು ಹರಾಜು ಹಾಕಿ ಸಾಲ ತೀರಿಸಿ, ಕೊನೆಯ ಲೆಕ್ಕ ಒಪ್ಪಿಸಿದ ಮೇಲೆ ಹಂಚಿಕೆಯ ಆದೇಶ. ಒಂದು ಸಾವಿಗೆ ಎಂಟು ಹತ್ತು ಬಗೆಯ ಕಾಗದ ಹುಟ್ಟುವುದು ಹೀಗೆ.

ಶಿರಸ್ತೇದಾರರು: ಅದರಲ್ಲಿ ಪಂಚರ ಪಟ್ಟಿಯೇ ಓದಲು ಚೆಂದ ಇರಬೇಕು. ಜಪ್ತಿ ಮಹಜರಿನಲ್ಲಿ ಅಡುಗೆಮನೆಯ ಸೌಟೂ ಬಿಡದೆ ಬರೆಯುತ್ತಾರಲ್ಲ, ಹಾಗೆ.

ಮೇಷ್ಟ್ರು: ಹಾಗೆಯೇ. ಒಂದು ಜೋಡಿ ಎತ್ತು, ಒಂದು ಗಾಡಿ, ಕಬ್ಬಿಣದ ಒಲೆ, ಇಷ್ಟು ಬುಷೆಲ್ ಗೋಧಿ, ಗರಗಸ, ಹಾಸಿಗೆ, ಬೈಬಲ್ಲು. ಹಸಿ ಇಟ್ಟಿಗೆಯ ಮನೆ. ಪಟ್ಟಿ ಓದಿದರೆ ಮನೆಯ ಸ್ಥಿತಿಗತಿ ಗೊತ್ತಾಗುತ್ತದೆ. ಒಲೆ ಇದೆ ಕುರ್ಚಿ ಇಲ್ಲ, ಎತ್ತು ಇದೆ ನೇಗಿಲು ಇಲ್ಲ ಎಂದರೆ ಆ ಸಂಸಾರ ಯಾವ ಹಂತದಲ್ಲಿತ್ತು ಎಂದು ಊಹಿಸಬಹುದು. ಹೊಸ ನಾಡಿನಲ್ಲಿ ನಾಣ್ಯದ ಅಭಾವ ಬೇರೆ. ವ್ಯಾಪಾರವೆಲ್ಲ ಗೋಧಿ, ದನ, ಮರಮುಟ್ಟುಗಳ ವಿನಿಮಯದಲ್ಲೇ ನಡೆಯುತ್ತಿದ್ದ ಕಾಲ ಅದು. ಪಂಚರು ಡಾಲರಿನಲ್ಲಿ ಬರೆದ ಬೆಲೆ ಎಷ್ಟೋ ಸಲ ಬಾಯಿಲೆಕ್ಕದ ಬೆಲೆ. ಅಷ್ಟು ಡಾಲರು ಆ ಊರಲ್ಲಿ ಯಾರ ಕೈಯಲ್ಲೂ ಇರಲಿಲ್ಲ.

ಶಿರಸ್ತೇದಾರರು: ಪಟ್ಟಿಯಲ್ಲಿ ಜಮೀನು ಹೇಗೆ ಬರುತ್ತದೆ?

ಮೇಷ್ಟ್ರು: ಅಲ್ಲೇ ಒಂದು ಸೂಕ್ಷ್ಮ ಇರುವುದು. ಮಾರ್ಮನ್ ಪಂಥದವರು ಸಾಲ್ಟ್ ಲೇಕ್ ಕಣಿವೆಗೆ ಬಂದಿಳಿದದ್ದು 1847ರಲ್ಲಿ. ಫೆಡರಲ್ ಸರ್ಕಾರ ಅಲ್ಲಿ ಭೂಕಚೇರಿ ತೆರೆದದ್ದು 1869ರಲ್ಲಿ. ನಡುವಿನ ಇಪ್ಪತ್ತೆರಡು ವರ್ಷ ಯಾರಿಗೂ ನೆಲದ ಮೇಲೆ ಪಕ್ಕಾ ಹಕ್ಕುಪತ್ರ ಇರಲಿಲ್ಲ. ಉಳುತ್ತಿದ್ದರು, ಬೇಲಿ ಹಾಕುತ್ತಿದ್ದರು, ಒಬ್ಬರಿಗೊಬ್ಬರು ಮಾರುತ್ತಲೂ ಇದ್ದರು. ಕಾನೂನಿನ ದೃಷ್ಟಿಯಲ್ಲಿ ಅದೆಲ್ಲ ಬರೀ ಸ್ವಾಧೀನ. ಪ್ರೊಬೇಟ್ ಕೋರ್ಟು ಹಂಚಿದ್ದು ಆ ಸ್ವಾಧೀನವನ್ನು, ಮನೆ ಬೇಲಿ ಕಾಲುವೆಗಳನ್ನು. ಆದ್ದರಿಂದ ಆ ಕಾಲದ ಹಂಚಿಕೆಯ ಆದೇಶವೇ ಮುಂದೆ ಹಕ್ಕು ಸಾಧಿಸುವವನಿಗೆ ಆಧಾರವಾಯಿತು. 1867ರ ಪಟ್ಟಣ ನಿವೇಶನ ಕಾಯ್ದೆ ಬಂದಾಗ, ಪುರಸಭೆ ಇಲ್ಲದ ಊರುಗಳ ನೆಲವನ್ನು ನಿವಾಸಿಗಳ ಪರವಾಗಿ ಸರ್ಕಾರದಿಂದ ಪಡೆದು, ಯಾವ ನಿವೇಶನ ಯಾರದು ಎಂದು ತೀರ್ಮಾನಿಸಿ ಪತ್ರ ಬರೆದುಕೊಡುವ ಹೊಣೆಯೂ ಪ್ರೊಬೇಟ್ ನ್ಯಾಯಾಧೀಶನ ಮೇಲೇ ಬಿತ್ತು.

ಶಿರಸ್ತೇದಾರರು: ಇಷ್ಟು ಅಧಿಕಾರ ಒಬ್ಬನ ಕೈಯಲ್ಲೇ ಏಕೆ ಸೇರಿತು? ಟೆರಿಟರಿ ಎಂದ ಮೇಲೆ ಕೇಂದ್ರದ ನ್ಯಾಯಾಧೀಶರು ಇರಬೇಕಲ್ಲ.

ಮೇಷ್ಟ್ರು: ಇದ್ದರು, ಮೂವರು. 1850ರ ಸೆಪ್ಟೆಂಬರ್ 9ರ ಸ್ಥಾಪನಾ ಕಾಯ್ದೆಯಂತೆ ಅಧ್ಯಕ್ಷರು ನೇಮಿಸಿದ ಮೂವರು ಜಿಲ್ಲಾ ನ್ಯಾಯಾಧೀಶರು. ರಾಕಿ ಪರ್ವತದಿಂದ ಕ್ಯಾಲಿಫೋರ್ನಿಯಾದ ಅಂಚಿನವರೆಗೆ, ಈಗಿನ ನೆವಾಡದ ಬಹುಭಾಗವೂ ಸೇರಿದಂತೆ, ಅಷ್ಟೂ ಸೀಮೆ ಈ ಮೂವರದು. ಬ್ರಾಂಡೆಬರಿ ಮತ್ತು ಬ್ರಾಕಸ್ ಎಂಬ ಇಬ್ಬರು ಬಂದ ಕೆಲವೇ ತಿಂಗಳಲ್ಲಿ ಸ್ಥಳೀಯರೊಡನೆ ಜಗಳವಾಡಿ 1851ರ ಶರತ್ಕಾಲಕ್ಕೆ ಗಂಟುಮೂಟೆ ಕಟ್ಟಿದರು. ಉಳಿದವನು ಒಬ್ಬ, ಜೆರಬ್ಬಾಬೆಲ್ ಸ್ನೋ. ಅದೇ ಚಳಿಗಾಲದಲ್ಲಿ ಟೆರಿಟರಿಯ ಶಾಸನಸಭೆ ಸೇರಿ, 1852ರ ಫೆಬ್ರವರಿ 4ರಂದು ಪ್ರೊಬೇಟ್ ಕೋರ್ಟುಗಳಿಗೆ ಸಿವಿಲ್ ಮತ್ತು ಕ್ರಿಮಿನಲ್ ಎರಡರಲ್ಲೂ ಮೂಲ ವಿಚಾರಣೆಯ ಅಧಿಕಾರ ಕೊಟ್ಟಿತು.

ಶಿರಸ್ತೇದಾರರು: ನ್ಯಾಯಾಧೀಶರಿಲ್ಲದೆ ಜನ ಕಷ್ಟಪಡಬಾರದೆಂದು ಮಾಡಿದ ಏರ್ಪಾಡು ಎನ್ನಿ.

ಮೇಷ್ಟ್ರು: ಅದು ಅರ್ಧ ನಿಜ. ಪ್ರೊಬೇಟ್ ನ್ಯಾಯಾಧೀಶನನ್ನು ಆರಿಸುತ್ತಿದ್ದದ್ದು ಅದೇ ಶಾಸನಸಭೆ, ನಾಲ್ಕು ವರ್ಷದ ಅವಧಿಗೆ. ಶಾಸನಸಭೆಯ ತುಂಬ ಮಾರ್ಮನ್ನರು; ಆರಿಸಿ ಬಂದವರೂ ಹೆಚ್ಚಿನವರು ಚರ್ಚಿನ ಹಿರಿಯರು. ಹೊರಗಿನಿಂದ ಬಂದ ನ್ಯಾಯಾಧೀಶನ ಮುಂದೆ ತಮ್ಮವರು ನಿಲ್ಲುವುದು ಬೇಡ ಎಂಬ ಎಣಿಕೆ ಅದರಲ್ಲಿ ಖಂಡಿತ ಇತ್ತು. ಸಾಲ್ಟ್ ಲೇಕ್ ಕೌಂಟಿಯ ಪ್ರೊಬೇಟ್ ನ್ಯಾಯಾಧೀಶ ಎಲಿಯಾಸ್ ಸ್ಮಿತ್ 1852ರಿಂದ 1882ರವರೆಗೆ ಅದೇ ಕುರ್ಚಿಯಲ್ಲಿದ್ದ; ನಡುವೆ ಕೆಲವು ವರ್ಷ ಚರ್ಚಿನ ಪತ್ರಿಕೆ ಡೆಸೆರೆಟ್ ನ್ಯೂಸ್‌ನ ಸಂಪಾದಕನೂ ಆಗಿದ್ದ. ದೂರದ ಕಾರ್ಸನ್ ಕೌಂಟಿಗೆ 1855ರಲ್ಲಿ ಪ್ರೊಬೇಟ್ ನ್ಯಾಯಾಧೀಶನಾಗಿ ಹೋದವನು ಆರ್ಸನ್ ಹೈಡ್, ಚರ್ಚಿನ ಹನ್ನೆರಡು ಮಂದಿ ಅಪೊಸ್ತಲರಲ್ಲಿ ಒಬ್ಬ. ಕೋರ್ಟು, ಪತ್ರಿಕೆ, ಚರ್ಚು ಮೂರೂ ಒಂದೇ ಬಳಗದ ಕೈಯಲ್ಲಿದ್ದ ಊರಲ್ಲಿ ಎದುರು ಪಕ್ಷದವನಿಗೆ ನಂಬಿಕೆ ಹುಟ್ಟುವುದು ಕಷ್ಟ.

ಶಿರಸ್ತೇದಾರರು: ಹಾಗಾದರೆ ಕಡತಗಳನ್ನೂ ಅನುಮಾನದಿಂದಲೇ ಓದಬೇಕಾಗುತ್ತದೆ.

ಮೇಷ್ಟ್ರು: ಯಾವ ಕಡತ ಎನ್ನುವುದರ ಮೇಲೆ ಹೋಗುತ್ತದೆ. ಎತ್ತಿನ ಬೆಲೆ ಬರೆಯುವಾಗ ಪಂಚರಿಗೆ ರಾಜಕೀಯ ಇರುವುದಿಲ್ಲ. ಸಾಲದ ದಾವೆಗಳಲ್ಲೂ ಹೆಚ್ಚಿನವು ಸಾಮಾನ್ಯ ಜಗಳಗಳೇ. ಹೊರಗಿನವನೊಬ್ಬ ಆರೋಪಿಯಾದ ಮೊಕದ್ದಮೆಯನ್ನೋ ಚರ್ಚಿನ ಹಿತ ಅಡ್ಡಬಂದ ಮೊಕದ್ದಮೆಯನ್ನೋ ಓದುವಾಗ ಮಾತ್ರ, ತೀರ್ಪಿನ ಜೊತೆಗೆ ಜ್ಯೂರಿಯಲ್ಲಿ ಯಾರಿದ್ದರು, ಸಾಕ್ಷಿ ಯಾರದು ಎಂದು ನೋಡಿಕೊಳ್ಳಬೇಕು. ಇನ್ನೊಂದು ವಿಷಯ: ನ್ಯಾಯಾಧೀಶನೇ ಮೂವರು ಕೌಂಟಿ ಸದಸ್ಯರೊಡನೆ ಕೂತರೆ ಅದು ಕೌಂಟಿ ಕೋರ್ಟು, ಅಂದರೆ ಆಡಳಿತ ಸಮಿತಿ. ಹೊಳೆಯ ನೀರು ಯಾರಿಗೆ, ಕಣಿವೆಯ ಮರ ಯಾರಿಗೆ, ಗಿರಣಿ ಎಲ್ಲಿ, ರಸ್ತೆ ಯಾವ ಕಡೆ ಎಂದು ಗೊತ್ತುಮಾಡುವುದು ಅದರ ಕೆಲಸ. ಒಣ ನಾಡಿನಲ್ಲಿ ನೀರಿನ ಹಂಚಿಕೆಗಿಂತ ದೊಡ್ಡ ತೀರ್ಪು ಬೇರೆ ಯಾವುದಿದೆ? ಆ ನಿರ್ಧಾರಗಳನ್ನು ಪ್ರೊಬೇಟಿನ ಪುಸ್ತಕದಲ್ಲಷ್ಟೇ ಹುಡುಕುವವರಿಗೆ ಅವು ಸಿಗುವುದಿಲ್ಲ.

ಶಿರಸ್ತೇದಾರರು: ವಿಚ್ಛೇದನವೂ ಇಲ್ಲೇ ಎಂದಿರಿ. ಮಾರ್ಮನ್ನರು ಬಹುಪತ್ನಿತ್ವ ಪಾಲಿಸುತ್ತಿದ್ದ ಊರಿನಲ್ಲಿ ಆ ಕಡತಗಳು ಏನು ಹೇಳುತ್ತವೆ?

ಮೇಷ್ಟ್ರು: ಬಹುಪತ್ನಿತ್ವದ ಬಗ್ಗೆ ಅಷ್ಟೇನೂ ಹೇಳುವುದಿಲ್ಲ. ಎರಡನೆಯ, ಮೂರನೆಯ ಹೆಂಡತಿಯ ಮದುವೆಗೆ ಸಿವಿಲ್ ಕಾನೂನಿನ ಮಾನ್ಯತೆ ಇರಲಿಲ್ಲ. ಬಿಡುಗಡೆ ಬೇಕಾದವರು ಹೋಗುತ್ತಿದ್ದದ್ದು ಚರ್ಚಿನ ಅಧ್ಯಕ್ಷ ಬ್ರಿಗಮ್ ಯಂಗ್ ಬಳಿಗೆ. ಅವನು 10 ಡಾಲರ್ ಶುಲ್ಕ ಪಡೆದು ಬಿಡುಗಡೆ ಕೊಡುತ್ತಿದ್ದ. ಪ್ರೊಬೇಟ್ ಕೋರ್ಟಿಗೆ ಬಂದವು ಕಾನೂನಿನ ಮದುವೆಗಳು. 1852ರ ವಿಚ್ಛೇದನ ಕಾಯ್ದೆ ಆ ಕಾಲಕ್ಕೆ ತೀರ ಸಡಿಲ. ವ್ಯಭಿಚಾರ, ಕುಡಿತ, ಒಂದು ವರ್ಷ ಮೀರಿದ ಪರಿತ್ಯಾಗ ಮುಂತಾದವುಗಳ ಜೊತೆಗೆ, ಗಂಡಹೆಂಡತಿ ನೆಮ್ಮದಿಯಿಂದ ಒಟ್ಟಿಗೆ ಬಾಳಲಾರರು ಎಂದು ಕೋರ್ಟಿಗೆ ಮನವರಿಕೆಯಾದರೂ ಸಾಕಿತ್ತು. ಅರ್ಜಿದಾರ ಯೂಟಾದ ನಿವಾಸಿಯಾಗಿರಬೇಕು, ಇಲ್ಲವೇ ನಿವಾಸಿಯಾಗುವ ಇಚ್ಛೆಯಾದರೂ ಇರಬೇಕು.

ಶಿರಸ್ತೇದಾರರು: ಇಚ್ಛೆ! ಅದಕ್ಕೆ ಪುರಾವೆ ಏನು ಕೇಳುತ್ತೀರಿ? ಊರೂರಿನ ವಕೀಲರು ಸುಮ್ಮನಿರುತ್ತಾರೆಯೇ?

ಮೇಷ್ಟ್ರು: ಇರಲಿಲ್ಲ. 1869ರಲ್ಲಿ ಖಂಡದ ಎರಡು ತುದಿಗಳನ್ನು ಜೋಡಿಸಿದ ರೈಲು ಬಂದ ಮೇಲೆ, 1870ರ ದಶಕದಲ್ಲಿ ಪೂರ್ವದ ನಗರಗಳ ವಕೀಲರು ಈ ಒಂದು ಸಾಲನ್ನು ಹಿಡಿದು ದಂಧೆಗೇ ಇಳಿದರು. ಯೂಟಾದ ಮುಖ ನೋಡದ ಗಂಡಸರು, ಹೆಂಗಸರು ಅಂಚೆಯ ಮೂಲಕ ವಿಚ್ಛೇದನ ಪಡೆದರು. ಕೆಲವು ಕೌಂಟಿಗಳ ಪುಸ್ತಕಗಳಲ್ಲಿ ಆ ವರ್ಷಗಳಲ್ಲಿ ಸ್ಥಳೀಯರ ವಿಚ್ಛೇದನಕ್ಕಿಂತ ದೂರದವರದೇ ಸಾಲುಸಾಲಾಗಿ ಕಾಣುತ್ತದೆ. 1878ರಲ್ಲಿ ಶಾಸನಸಭೆಯೇ ನಾಚಿಕೊಂಡು ಒಂದು ವರ್ಷದ ವಾಸ ಕಡ್ಡಾಯ ಮಾಡಿತು, ಹೊಂದಾಣಿಕೆ ಇಲ್ಲ ಎಂಬ ಕಾರಣವನ್ನೂ ತೆಗೆದುಹಾಕಿತು. ಹಾಗಾಗಿ ಆ ಕಾಲದ ಯೂಟಾದ ವಿಚ್ಛೇದನದ ಸಂಖ್ಯೆಯನ್ನು ಹಿಡಿದು ಅಲ್ಲಿನ ಸಂಸಾರಗಳ ಬಗ್ಗೆ ತೀರ್ಮಾನಕ್ಕೆ ಬಂದರೆ ಎಡವಟ್ಟಾಗುತ್ತದೆ.

ಶಿರಸ್ತೇದಾರರು: ಕೋರ್ಟಿಗೆ ತಾವಾಗಿ ಬರಲಾಗದವರೂ ಇದ್ದರಲ್ಲ. ಮೂಲನಿವಾಸಿಗಳು, ಗುಲಾಮರು?

ಮೇಷ್ಟ್ರು: ಅವರ ಹೆಸರು ಬರುವುದು ಬೇರೆಯವರ ಕಾಗದದಲ್ಲಿ. 1852ರ ಅದೇ ಅಧಿವೇಶನದಲ್ಲಿ ಎರಡು ಕಾಯ್ದೆಗಳಾದವು. ಒಂದು, ದಕ್ಷಿಣದಿಂದ ಕಪ್ಪು ಗುಲಾಮರನ್ನು ಕರೆತಂದವರು ಅದರ ಆಧಾರವನ್ನು ಪ್ರೊಬೇಟ್ ಕೋರ್ಟಿನಲ್ಲಿ ದಾಖಲಿಸಬೇಕು ಎಂದು. 1860ರ ಜನಗಣತಿ ಯೂಟಾದಲ್ಲಿ 29 ಗುಲಾಮರನ್ನು ಲೆಕ್ಕಹಾಕಿತ್ತು. 1862ರ ಜೂನ್ 19ರಂದು ಕಾಂಗ್ರೆಸ್ ಎಲ್ಲ ಟೆರಿಟರಿಗಳಲ್ಲೂ ಗುಲಾಮಗಿರಿಯನ್ನು ರದ್ದುಮಾಡಿತು. ಇನ್ನೊಂದು, ಮೂಲನಿವಾಸಿ ಮಕ್ಕಳಿಗೆ ಸಂಬಂಧಿಸಿದ್ದು. ಆ ಸೀಮೆಯಲ್ಲಿ ಮಕ್ಕಳನ್ನು ಹಿಡಿದು ಮಾರುವ ವ್ಯಾಪಾರ ಮಾರ್ಮನ್ನರಿಗಿಂತ ಮುಂಚೆಯೇ ಇತ್ತು. ಪಾಯುಟ್ ಬುಡಕಟ್ಟಿನ ಮಕ್ಕಳನ್ನು ಹಿಡಿದು ನ್ಯೂ ಮೆಕ್ಸಿಕೋದ ವ್ಯಾಪಾರಿಗಳಿಗೆ ಮಾರುತ್ತಿದ್ದರು. ಕಾಯ್ದೆಯ ಪ್ರಕಾರ, ಅಂಥ ಮಗುವನ್ನು ಪಡೆದ ಬಿಳಿಯ ಮನೆಯವನು ಪ್ರೊಬೇಟ್ ನ್ಯಾಯಾಧೀಶನ ಅಥವಾ ಕೌಂಟಿ ಸದಸ್ಯರ ಮುಂದೆ ಹಾಜರಾಗಿ, 20 ವರ್ಷದವರೆಗಿನ ದುಡಿಮೆಯ ಕರಾರಿಗೆ ಮಗುವನ್ನು ಕಟ್ಟಿಹಾಕಿಕೊಳ್ಳಬಹುದಿತ್ತು. ಏಳರಿಂದ ಹದಿನಾರರ ವಯಸ್ಸಿನವರಾದರೆ, ಊರಲ್ಲಿ ಶಾಲೆ ಇದ್ದ ಪಕ್ಷಕ್ಕೆ, ವರ್ಷಕ್ಕೆ ಮೂರು ತಿಂಗಳು ಶಾಲೆಗೆ ಕಳಿಸಬೇಕು, ಬಟ್ಟೆ ಕೊಡಬೇಕು.

ಶಿರಸ್ತೇದಾರರು: ಕರಾರು ಎಂದರೆ ಎರಡು ಪಕ್ಷ ಇರಬೇಕು. ಮಗುವಿನ ಪರವಾಗಿ ರುಜು ಯಾರದು?

ಮೇಷ್ಟ್ರು: ಮಗುವನ್ನು ಕೊಡುವ ಪಕ್ಷವಾಗಿ ನ್ಯಾಯಾಧೀಶನೇ ಅಥವಾ ಸದಸ್ಯರೇ ನಿಲ್ಲುತ್ತಿದ್ದರು. ಮಗುವಿನ ಹೆಸರು, ವಯಸ್ಸು, ಹುಟ್ಟಿದ ಜಾಗ, ಗೊತ್ತಿದ್ದರೆ ತಂದೆತಾಯಿ, ಬುಡಕಟ್ಟು, ಯಾರಿಂದ ಪಡೆದದ್ದು, ಕರಾರಿನ ದಿನಾಂಕ ಎಲ್ಲ ಬರೆದಿಡಬೇಕೆಂದು ಕಾಯ್ದೆ ಹೇಳುತ್ತದೆ. ಬರೆದಿದ್ದರೆ ಇಂದಿಗೆ ಅಮೂಲ್ಯವಾಗುತ್ತಿತ್ತು. ಜನಗಣತಿಯ ಹಾಳೆಗಳಲ್ಲಿ ಬಿಳಿಯರ ಮನೆಗಳಲ್ಲಿ ಬೆಳೆದ ಮೂಲನಿವಾಸಿ ಮಕ್ಕಳು ಎಷ್ಟೋ ಮಂದಿ ಕಾಣುತ್ತಾರೆ, ಕರಾರಿನ ಕಾಗದಗಳು ಅಷ್ಟು ಸಿಗುವುದಿಲ್ಲ. ಕಾಯ್ದೆಯ ಹೆಸರೇನೋ ಮೂಲನಿವಾಸಿ ಗುಲಾಮರ, ಸೆರೆಯಾಳುಗಳ ಪರಿಹಾರಕ್ಕಾಗಿ ಎಂದು. ಮಗುವಿನ ತಾಯಿ ಬಂದು ಆಕ್ಷೇಪ ಹೇಳುವುದಕ್ಕೆ ಅದರಲ್ಲಿ ಜಾಗವಿಲ್ಲ.

ಶಿರಸ್ತೇದಾರರು: ಕೇಂದ್ರದವರು ಇಪ್ಪತ್ತೆರಡು ವರ್ಷ ಇದನ್ನೆಲ್ಲ ಸಹಿಸಿಕೊಂಡರೇ?

ಮೇಷ್ಟ್ರು: ಜಿಲ್ಲಾ ನ್ಯಾಯಾಧೀಶರು ಒಬ್ಬರಾದ ಮೇಲೊಬ್ಬರು ಆಕ್ಷೇಪಿಸುತ್ತಲೇ ಇದ್ದರು. 1874ರಲ್ಲಿ ಎರಡು ಏಟು ಒಟ್ಟಿಗೆ ಬಿದ್ದವು. ಜೂನ್ 23ರ ಪೋಲೆಂಡ್ ಕಾಯ್ದೆ ಪ್ರೊಬೇಟ್ ಕೋರ್ಟಿನಿಂದ ಕ್ರಿಮಿನಲ್ ಮತ್ತು ಸಾಮಾನ್ಯ ಸಿವಿಲ್ ಅಧಿಕಾರ ಕಿತ್ತುಕೊಂಡಿತು. ಮೃತರ ಆಸ್ತಿ, ಪೋಷಕತ್ವ, ಜಿಲ್ಲಾ ಕೋರ್ಟಿನ ಜೊತೆ ಹಂಚಿಕೊಂಡ ವಿಚ್ಛೇದನ ಇಷ್ಟೇ ಉಳಿದದ್ದು. ಅದೇ ವರ್ಷ ಫೆರಿಸ್ ವಿರುದ್ಧ ಹಿಗ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸಾಮ್ಯುಯೆಲ್ ಮಿಲ್ಲರ್, 1852ರ ಅಧಿಕಾರವೇ ಸ್ಥಾಪನಾ ಕಾಯ್ದೆಗೆ ವಿರುದ್ಧ ಎಂದರು. ಪ್ರೊಬೇಟ್ ಕೋರ್ಟು ಎಲ್ಲ ಮೊಕದ್ದಮೆ ಕೇಳುವುದಾದರೆ ಅಧ್ಯಕ್ಷರು ನೇಮಿಸಿದ ನ್ಯಾಯಾಧೀಶರಿಗೆ ಕೆಲಸವೇ ಉಳಿಯುವುದಿಲ್ಲ ಎನ್ನುವುದು ವಾದದ ತಿರುಳು.

ಶಿರಸ್ತೇದಾರರು: ಅಧಿಕಾರವೇ ಇಲ್ಲದ ಕೋರ್ಟು ಕೊಟ್ಟ ಡಿಕ್ರಿ ಅನೂರ್ಜಿತ. ಇಪ್ಪತ್ತೆರಡು ವರ್ಷದ ತೀರ್ಪುಗಳೆಲ್ಲ ರದ್ದಿಯಾದವೇ?

ಮೇಷ್ಟ್ರು: ಕಾಂಗ್ರೆಸ್ ಅದನ್ನು ಮುಂಚೆಯೇ ಯೋಚಿಸಿತ್ತು. ಜಾರಿಯಾಗಿ, ಮೇಲ್ಮನವಿಯ ಅವಧಿ ಮುಗಿದಿದ್ದ ಹಳೆಯ ತೀರ್ಪುಗಳನ್ನು ಪೋಲೆಂಡ್ ಕಾಯ್ದೆಯೇ ಊರ್ಜಿತಗೊಳಿಸಿತು. ಇಲ್ಲದಿದ್ದರೆ ಮಾರಿದ ಮನೆ, ತೀರಿದ ಸಾಲ, ಮುರಿದ ಮದುವೆ ಎಲ್ಲ ಮತ್ತೆ ಎದ್ದು ಕೂರುತ್ತಿದ್ದವು.

ಶಿರಸ್ತೇದಾರರು: ಇನ್ನು ಆಸ್ತಿಯ ವಿಷಯ. ಮೊದಲ ಹೆಂಡತಿಯ ಮದುವೆಗೆ ಮಾತ್ರ ಮಾನ್ಯತೆ ಎಂದಮೇಲೆ ಉಳಿದ ಹೆಂಡತಿಯರ ಮಕ್ಕಳಿಗೆ ಪಾಲು?

ಮೇಷ್ಟ್ರು: ಯೂಟಾದ ಪ್ರೊಬೇಟ್ ಕಡತಗಳಲ್ಲಿ ಅತ್ಯಂತ ಗಟ್ಟಿಯಾದ ಪ್ರಶ್ನೆ ಅದು. 1852ರ ಟೆರಿಟರಿ ಕಾಯ್ದೆ, ತಂದೆ ಯಾರೆಂದು ಕೋರ್ಟಿಗೆ ಖಚಿತವಾದರೆ ವಿವಾಹಬಾಹಿರ ಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಹಕ್ಕು ಕೊಟ್ಟಿತ್ತು. 1862ರಲ್ಲಿ ಕಾಂಗ್ರೆಸ್ ದ್ವಿಪತ್ನಿತ್ವವನ್ನು ಅಪರಾಧವೆಂದು ಸಾರಿ, ಬಹುಪತ್ನಿತ್ವಕ್ಕೆ ಆಸರೆಯಾದ ಟೆರಿಟರಿ ಕಾಯ್ದೆಗಳನ್ನು ರದ್ದುಮಾಡಿತು. ಹಾಗಾದರೆ ಮಕ್ಕಳ ಹಕ್ಕೂ ಹೋಯಿತೇ? 1864ರಲ್ಲಿ ಉಯಿಲು ಬರೆಯದೆ ಸತ್ತ ಒಬ್ಬನಿಗೆ ಕಾನೂನಿನ ಹೆಂಡತಿಯಿಂದ ಒಬ್ಬ ಮಗ, ಎರಡನೆಯವಳಿಂದ ಒಬ್ಬ ಮಗ. ಎರಡನೆಯವಳ ಮಗ ಪಾಲು ಕೇಳಿದ. ಸಾಲ್ಟ್ ಲೇಕ್ ಕೌಂಟಿಯ ಪ್ರೊಬೇಟ್ ಕೋರ್ಟು ಇಲ್ಲ ಎಂದಿತು, ಟೆರಿಟರಿಯ ಸುಪ್ರೀಂ ಕೋರ್ಟೂ ಇಲ್ಲ ಎಂದಿತು. ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು 1891ರಲ್ಲಿ, ಕೋಪ್ ವಿರುದ್ಧ ಕೋಪ್ ಎಂಬ ತೀರ್ಪಿನಲ್ಲಿ, ಅವನ ಪರವಾಗಿ ನಿಂತಿತು. ಬಹುಪತ್ನಿತ್ವವನ್ನು ಶಿಕ್ಷಿಸುವ ಕಾಯ್ದೆಯನ್ನು ಏನೂ ತಪ್ಪು ಮಾಡದ ಮಗುವಿನ ಹಕ್ಕು ಕಸಿಯುವಷ್ಟು ಎಳೆಯಬಾರದು ಎಂದು ಅದರ ನಿಲುವು.

ಶಿರಸ್ತೇದಾರರು: ತಂದೆ ಸತ್ತು ಇಪ್ಪತ್ತೇಳು ವರ್ಷಕ್ಕೆ ಪಾಲು. ಸದ್ಯ, ನಮ್ಮಲ್ಲೂ ಅಷ್ಟೇ ಹಿಡಿಯುತ್ತದೆ.

ಮೇಷ್ಟ್ರು: ದೊಡ್ಡ ಮನೆಗಳಲ್ಲೂ ತೊಡಕು ಕಡಿಮೆ ಇರಲಿಲ್ಲ. ಬ್ರಿಗಮ್ ಯಂಗ್ 1877ರ ಆಗಸ್ಟ್ 29ರಂದು ತೀರಿಕೊಂಡಾಗ ಅವನ ಹೆಸರಿನ ಆಸ್ತಿಯ ಬೆಲೆ 16 ಲಕ್ಷ ಡಾಲರ್ ಮೀರಿತ್ತು. ಆದರೆ ಚರ್ಚು ಆಸ್ತಿ ಹೊಂದುವುದಕ್ಕೆ 1862ರ ಕಾಯ್ದೆ ಮಿತಿ ಹಾಕಿದ್ದರಿಂದ ಚರ್ಚಿನದೂ ಅವನ ಹೆಸರಿನಲ್ಲೇ ಸೇರಿಕೊಂಡಿತ್ತು. ಯಾವುದು ಮನೆಯದು, ಯಾವುದು ಮಠದ್ದು ಎಂದು ಬಿಡಿಸುವಷ್ಟರಲ್ಲಿ ವಾರಸುದಾರರಲ್ಲಿ ಕೆಲವರು ದಾವೆ ಹೂಡಿದರು. ಉಯಿಲಿನ ನಿರ್ವಾಹಕರು ಕೋರ್ಟಿನ ಆದೇಶ ಪಾಲಿಸಲಿಲ್ಲವೆಂದು 1879ರಲ್ಲಿ ಜೈಲು ಕಂಡರು. ಕೊನೆಗೆ ರಾಜಿಯಾಯಿತು.

ಶಿರಸ್ತೇದಾರರು: ಆ ಕೋರ್ಟಿನ ಕೊನೆ ಯಾವಾಗ?

ಮೇಷ್ಟ್ರು: 1887ರ ಎಡ್ಮಂಡ್ಸ್–ಟಕರ್ ಕಾಯ್ದೆ ವಿಚ್ಛೇದನವನ್ನೂ ತೆಗೆದುಕೊಂಡಿತು, ಪ್ರೊಬೇಟ್ ನ್ಯಾಯಾಧೀಶರ ನೇಮಕವನ್ನು ಅಧ್ಯಕ್ಷರ ಕೈಗೆ ಕೊಟ್ಟಿತು. 1896ರ ಜನವರಿ 4ರಂದು ಯೂಟಾ ರಾಜ್ಯವಾದಾಗ ಪ್ರೊಬೇಟ್ ಕೋರ್ಟು ಮುಗಿದು, ಅದರ ಕೆಲಸ ಜಿಲ್ಲಾ ಕೋರ್ಟಿಗೆ ಸೇರಿತು. ನಡುವೆ ಇದ್ದ ಆಸ್ತಿ ಪ್ರಕರಣಗಳ ಕಾಗದ ಹಳೆಯ ಕೋರ್ಟಿನಲ್ಲಿ ಶುರುವಾಗಿ ಹೊಸ ಕೋರ್ಟಿನಲ್ಲಿ ಮುಗಿಯುತ್ತದೆ. ಎರಡೂ ಕಡೆ ನೋಡಬೇಕು.

ಶಿರಸ್ತೇದಾರರು: ಕಡತ ಇಟ್ಟ ಕ್ರಮ ಹೇಗೆ?

ಮೇಷ್ಟ್ರು: ದಿನದಿನದ ನಡಾವಳಿಗೆ ಒಂದು ಪುಸ್ತಕ, ಉಯಿಲುಗಳ ನಕಲಿಗೆ ಒಂದು, ಮುಚ್ಚಳಿಕೆಗೆ, ಪೋಷಕತ್ವಕ್ಕೆ ಬೇರೆ ಬೇರೆ. ಇವೆಲ್ಲ ಗುಮಾಸ್ತ ನೋಡಿ ಬರೆದ ಪ್ರತಿಗಳು. ಮೂಲ ಅರ್ಜಿ, ಪಂಚರ ಕೈಬರಹದ ಪಟ್ಟಿ, ಅಂಗಡಿಯವನ ರಸೀದಿ ಇರುವುದು ಮಡಚಿ ಕಟ್ಟಿದ ಪ್ರಕರಣದ ಕಟ್ಟಿನಲ್ಲಿ. ಡೆನ್ಮಾರ್ಕಿನಿಂದ, ವೇಲ್ಸಿನಿಂದ ಬಂದವರ ಹೆಸರನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದಿರುತ್ತಾನೆ, ಒಂದೇ ಕಟ್ಟಿನಲ್ಲಿ ಮೂರು ಬಗೆಯಲ್ಲಿ. ಕೆಳಗಿನ ರುಜು ಒಂದೇ ಆದರೆ ಅವನೇ ಇವನು ಎಂದು ಹಿಡಿಯಬಹುದು.

ಶಿರಸ್ತೇದಾರರು: ನಕಲಿನಲ್ಲಿ ರುಜು ಇರುವುದಿಲ್ಲ. ಅದಕ್ಕೇ ಮೂಲ ಬೇಕು.

ಮೇಷ್ಟ್ರು: ವಂಶಾವಳಿ ಹುಡುಕುವವರು ಬಹಳ ಮಂದಿ ನಕಲಿನಲ್ಲೇ ನಿಂತುಬಿಡುತ್ತಾರೆ. 1894ರಲ್ಲಿ ಹುಟ್ಟಿದ ಯೂಟಾದ ವಂಶಾವಳಿ ಸಂಘ 1938ರಿಂದ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿತು. ಕೌಂಟಿಗಳ ಪುಸ್ತಕಗಳು ಇಂದು ಓದಸಿಗುವುದಕ್ಕೆ ಆ ಕೆಲಸ ಬಹುಮಟ್ಟಿಗೆ ಕಾರಣ. ಕಟ್ಟುಗಳಲ್ಲಿ ಅನೇಕವು ರಾಜ್ಯದ ಪತ್ರಾಗಾರದಲ್ಲಿವೆ.

ಶಿರಸ್ತೇದಾರರು: ಸೂಚಿ ಇದೆಯೇ?

ಮೇಷ್ಟ್ರು: ಇದೆ, ಆದರೆ ಆಸ್ತಿ ಪ್ರಕರಣದ ಸೂಚಿಯಲ್ಲಿ ಸಾಮಾನ್ಯವಾಗಿ ಇರುವುದು ಸತ್ತವನ ಹೆಸರೊಂದೇ. ಅರ್ಜಿ ಹಾಕಿದ ವಿಧವೆ, ಪೋಷಕರ ಕೈಗೆ ಹೋದ ಮಕ್ಕಳು, ಬಾಕಿ ಕೇಳಿ ಬಂದ ಅಂಗಡಿಯವನು, ಹರಾಜಿನಲ್ಲಿ ಒಲೆ ಕೂಗಿದ ನೆರೆಯವನು ಸೂಚಿಯಲ್ಲಿ ಸಿಗುವುದಿಲ್ಲ. ಅವರನ್ನು ಹುಡುಕುವವರು ಅದೇ ಊರಿನ, ಅದೇ ವರ್ಷಗಳ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಪುಟಪುಟವಾಗಿ ಓದಬೇಕು. 1874ಕ್ಕಿಂತ ಹಿಂದಿನ ಕ್ರಿಮಿನಲ್ ಮೊಕದ್ದಮೆ ಬೇಕಿದ್ದರೆ ಆಸ್ತಿಯ ಸೂಚಿ ಬದಿಗಿಟ್ಟು ನಡಾವಳಿಯ ಪುಸ್ತಕವನ್ನು ಮೊದಲು ತೆರೆಯುವುದು ಒಳ್ಳೆಯದು.